ಹದಿಮೂರು ಬೇರೆ, ಅರ್ಧ ಇಂಚು ಬೇರೆ!

ಸಿನಿಮಾದಲ್ಲಿ ನಾಯಕಿಯ ಕಾರು ಎಲ್ಲಿ ಕೆಟ್ಟು ನಿಲ್ಲುತ್ತೆ, ಹೇಳಿ ನೋಡೋಣ? ನಾಯಕ ನಡೆದು ಬರುವ ದಾರಿಯಲ್ಲೇ! ಅದಕ್ಕಿಂತ ಒಂದು ಫರ್ಲಾಂಗ್ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಬಾನೆಟ್ಟಿನಿಂದ ಬುಸುಬುಸು ಹೊಗೆ. ನಾಯಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರ್ತಾಳೆ. ನಮ್ಮ ನಾಯಕ ಬಂದವನೇ ತೋಳು ಮಡಚಿ, ಬಾನೆಟ್ ಎತ್ತಿ, ಯಾವುದೋ ಒಂದು ವೈರನ್ನು ಎಳೆದು ಇನ್ನೆಲ್ಲಿಗೋ ಸಿಕ್ಕಿಸಿ, 'ಈಗ ಸ್ಟಾರ್ಟ್ ಮಾಡಿ' ಅಂತಾನೆ. ಸ್ಟಾರ್ಟ್! ಅವನ ಕೆನ್ನೆಯ ಮೇಲೆ ಒಂದೇ ಒಂದು ಮಸಿ ಗೆರೆ… ಅದೂ ಮೇಕಪ್ ಮ್ಯಾನ್ ಹದವಾಗಿ ಹಚ್ಚಿದ್ದು. ಮುಂದಿನ ರೀಲಿನಲ್ಲಿ ಡ್ಯೂಯೆಟ್!

ನಾನೂ ನಿಮ್ಮ ಹಾಗೇ ಸಿನಿಮಾ ಹುಚ್ಚ. ಆ ಸೀನ್ ಬಂದರೆ ಇವತ್ತಿಗೂ ಶಿಳ್ಳೆ ಹಾಕ್ತೀನಿ. ಆದರೆ ಹಲಸೂರಿನ ಫಿಟ್ಟರ್ ಒಬ್ಬರ ಮಗನಾದ ನನಗೆ ಒಂದು ಸಂಶಯ ಮಾತ್ರ ಬಿಡೋದೇ ಇಲ್ಲ: ಹೀರೋ ಕೈಯಲ್ಲಿ ಸ್ಪ್ಯಾನರ್ ಎಲ್ಲಿ ಸ್ವಾಮಿ?

ನಗಬೇಡಿ. ಹಳೇ ಕಾರು ಬದುಕೋದೂ ಸಾಯೋದೂ ಆ ಒಂದು ಪ್ರಶ್ನೆಯ ಮೇಲೇ ನಿಂತಿದೆ. ನಿಮ್ಮ ಬಸ್ಸು ಹೊರಡೋಕೆ ಇನ್ನೂ ಟೈಮಿದ್ರೆ ಓದಿ, ಹೇಳ್ತೀನಿ.

ಸೈರನ್ ಕೂಗುವ ಊರು

ನಮ್ಮಪ್ಪ ದೂರವಾಣಿನಗರದ ಐಟಿಐನಲ್ಲಿ ಫಿಟ್ಟರ್ ಆಗಿದ್ದರು. 1948ರಲ್ಲಿ ಶುರುವಾದ ಕಾರ್ಖಾನೆ ಅದು. ಒಂದು ಕಾಲದಲ್ಲಿ ದೇಶದ ಆಫೀಸುಗಳ ಮೇಜಿನ ಮೇಲೆ ಟ್ರಿಣ್ ಟ್ರಿಣ್ ಅನ್ನುತ್ತಿದ್ದ ಕಪ್ಪು ಟೆಲಿಫೋನು ಅಲ್ಲಿಂದ ಹೊರಟದ್ದು. ಬೆಂಗಳೂರಿನ ಪೂರ್ವದ ಕಡೆಗೆ ಆಗ ಬೆಳಗಾಗುತ್ತಿದ್ದದ್ದೇ ಫ್ಯಾಕ್ಟರಿ ಸೈರನ್ನಿನಿಂದ. ಐಟಿಐ, ಎಚ್‌ಎಎಲ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಬಿಇಎಂಎಲ್… ಹಲಸೂರು, ಮರ್ಫಿ ಟೌನ್, ಇಂದಿರಾನಗರ, ಕೆ.ಆರ್. ಪುರದ ಗಲ್ಲಿಗಲ್ಲಿಯಲ್ಲೂ ಒಬ್ಬ ಟರ್ನರ್, ಇಲ್ಲ ಒಬ್ಬ ಫಿಟ್ಟರ್. ಭಾನುವಾರ ಬಂತೆಂದರೆ ಹಳೇ ಬೆಡ್‌ಶೀಟ್ ಹಾಸಿ, ಸ್ಕೂಟರನ್ನು ಬಿಚ್ಚಿ ಹರಡಿಕೊಂಡು ಕೂರುವ ಜನ. ಹೆಂಗಸರು ಬೈತಾ ಇದ್ದರೆ ಇವರು ನಟ್ಟು ತೊಳೀತಾ ಇರೋರು!

1989ರಲ್ಲಿ ಅಪ್ಪ ಕಾರು ತಂದರು. ಫಿಟ್ಟರಿಗೆ ಕಾರೇ ಅಂತ ಇಡೀ ಬೀದಿ ಬಾಯಿ ಬಿಟ್ಟಿತು. ಗುಟ್ಟು ಬೇರೇನಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತ್ತಲ್ಲ, ದುಡ್ಡಿದ್ದವರೆಲ್ಲ ಅದರ ಹಿಂದೆ ಓಡಿದರು. ಹಳೇ ಫಿಯೆಟ್‌ಗಳು ನಮ್ಮಂಥವರ ಕೈಗೆ ಎಟುಕಿದವು. ನಮ್ಮದು 1984ರ ಪ್ರೀಮಿಯರ್ ಪದ್ಮಿನಿ, ಕೆನೆ ಬಣ್ಣ. ಬೊಂಬಾಯಿಯ ಕುರ್ಲಾದಲ್ಲಿ ಹುಟ್ಟಿದ ಕಾರು. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಶುರುವಾಗಿ, ನಡುವೆ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿ. ನಾಲ್ಕು ಸಿಲಿಂಡರು, 1089 ಸಿಸಿ, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಹೆಸರು ಏನೇ ಇರಲಿ, ನಮ್ಮ ಬೀದಿಗೆ ಅದು ಕೊನೇತನಕ 'ಫಿಯೆಟ್ಟೇ'.

ಕಾರು ತಂದ ದಿನ ಅಪ್ಪ ಪೂಜೆಗೆ ನಿಂಬೆಹಣ್ಣು ತಂದರು. ಜೊತೆಗೆ ಎಸ್‌.ಜೆ.ಪಿ. ರೋಡಿನಿಂದ ಒಂದು ಸೆಟ್ ಸ್ಪ್ಯಾನರ್ ತಂದರು. ನಾನು ಕೇಳಿದೆ, "ಅಪ್ಪಾ, ಒಂದು ಟೇಪ್ ರೆಕಾರ್ಡರ್ ಹಾಕ್ಸಿದ್ರೆ ಚೆನ್ನಾಗಿತ್ತಲ್ವಾ?"

"ಮೊದಲು ಇದರ ಹಾಡು ಕೇಳೋದು ಕಲಿ," ಅಂದರು, ಎಂಜಿನ್ ತೋರಿಸಿ.

ಗುಜರಿಯ ಪಾಠ

ಒಂದು ಸಲ ಬಾಗಿಲ ಹ್ಯಾಂಡಲ್ ಹುಡುಕಿಕೊಂಡು ಅಪ್ಪನ ಜೊತೆ ಶಿವಾಜಿನಗರದ ಗುಜರಿಗೆ ಹೋಗಿದ್ದೆ. ರಸೆಲ್ ಮಾರ್ಕೆಟ್ಟಿನ ಗದ್ದಲ ದಾಟಿ ಆ ಓಣಿಗಳಿಗೆ ಕಾಲಿಟ್ಟರೆ ಸಾಕು, ಎಡಕ್ಕೆ ಬಾಗಿಲುಗಳ ರಾಶಿ, ಬಲಕ್ಕೆ ಗೇರ್‌ಬಾಕ್ಸ್ ರಾಶಿ, ತಲೆ ಮೇಲೆ ತೂಗುಹಾಕಿದ ಬಂಪರುಗಳು. ಬೆಳಿಗ್ಗೆ ಓಡಿಕೊಂಡು ಬಂದ ಕಾರು ಸಂಜೆಗೆ ಇಪ್ಪತ್ತು ಅಂಗಡಿಗೆ ಹಂಚಿಹೋಗಿರುತ್ತೆ ಅಂತ ನಮ್ಮ ಕಡೆ ತಮಾಷೆ ಮಾಡ್ತೀವಿ.

ಅಲ್ಲೊಬ್ಬರು ಬಿಳಿಗಡ್ಡದ ಚಾಚಾ. ಒಂದು ಅಂಬಾಸಿಡರ್ ಎಂಜಿನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನನ್ನನ್ನು ಕರೆದು ಅದರ ಬೋಲ್ಟುಗಳ ಮೇಲೆ ಬೆರಳಾಡಿಸಿ ತೋರಿಸಿದರು. ಆರು ಮೂಲೆ ಇರಬೇಕಾದ ತಲೆಗಳೆಲ್ಲ ಗೋಲಿಯ ಹಾಗೆ ದುಂಡಗೆ!

"ನೋಡು ಬೇಟಾ, ಈ ಗಾಡಿ ಸತ್ತಿದ್ದು ಎಂಜಿನ್ ಕೆಟ್ಟು ಅಲ್ಲ. ಯಾವನೋ ರಾಂಗ್ ಪಾನಾ ಹಾಕಿ ಹಾಕಿ ಕೊಂದವ್ನೆ. ಬೋಲ್ಟ್ ಬಿಚ್ಚೋಕಾಗಲ್ಲ ಅಂದ್ರೆ ಚೀಸಲ್ ಹೊಡೀತಾರೆ. ಚೀಸಲ್ ಹೊಡೆದ್ರೆ ಬಾಡಿ ಒಡೆಯುತ್ತೆ. ಆಮೇಲೆ ಓನರ್ ಬೇಜಾರಾಗಿ ನಮ್ಮತ್ರ ಬರ್ತಾನೆ. ನಮಗೇನು, ಧಂದಾ!" ಅಂತ ನಕ್ಕರು. ನಗುವಿನಲ್ಲಿ ಖುಷಿ ಮಾತ್ರ ಇರಲಿಲ್ಲ.

ಗ್ಯಾರೇಜ್ ಭಾಷೆಯಲ್ಲಿ ಪಾನಾ ಅಂದರೆ ಸ್ಪ್ಯಾನರ್, ಗೊತ್ತಲ್ಲ? ಆ 'ರಾಂಗ್ ಪಾನಾ' ಏನು ಅನ್ನೋದನ್ನು ಅಪ್ಪ ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ನಮ್ಮ ಫಿಯೆಟ್ ಇಟಲಿ ಮೂಲದ್ದು. ಅದರ ಬೋಲ್ಟುಗಳೆಲ್ಲ ಮಿಲಿಮೀಟರ್ ಲೆಕ್ಕ. ಹಳೇ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇಂಗ್ಲೆಂಡಿನ ಟ್ರಯಂಫ್ ವಂಶ. ವಿಲ್ಲಿಸ್ ಜೀಪು ಅಮೆರಿಕದ್ದು. ಇವೆಲ್ಲ ಇಂಚಿನ ಲೆಕ್ಕ.

ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತ ಹಾಗೇ ಅನ್ನಿಸುತ್ತೆ. ಆದರೆ ನಡುವೆ ಬರೀ 0.3 ಮಿಲಿಮೀಟರ್ ಸಡಿಲ. ಬಲ ಬಿಟ್ಟ ಕೂಡಲೇ ಸ್ಪ್ಯಾನರ್ ಬೋಲ್ಟಿನ ಬದಿ ಬಿಟ್ಟು ಮೂಲೆ ಹಿಡಿಯುತ್ತೆ. ಮೂಲೆ ಸವೆಯುತ್ತೆ. ಮೂರನೇ ಸಲಕ್ಕೆ ಗೋಲಿ! 14ಕ್ಕೂ ಒಂಬತ್ತು–ಹದಿನಾರಕ್ಕೂ ಇದೇ ಕಥೆ. ಆ ಇಂಚಿನ ಅಳತೆ 14.29 ಮಿಲಿಮೀಟರ್, 14ರದ್ದು ಒಳಗೇ ಹೋಗೋಲ್ಲ, 15ರದ್ದು ಕುಣಿಯುತ್ತೆ. ಮುಕ್ಕಾಲು ಇಂಚು ಮಾತ್ರ 19.05, ಅದಕ್ಕೂ 19ಕ್ಕೂ ನೆಂಟಸ್ತನ ಇದೆ. ಆ ಒಂದು ನೆಂಟಸ್ತನ ನಂಬಿಕೊಂಡೇ ಮೆಕ್ಯಾನಿಕ್ಕುಗಳು ಮಿಕ್ಕಿದ್ದನ್ನೂ ಹಾಳು ಮಾಡ್ತಾರೆ ಅಂತ ಅಪ್ಪ ಹೇಳೋರು.

ಯುದ್ಧಕ್ಕೂ ಮುಂಚಿನ ಇಂಗ್ಲಿಷ್ ಕಾರಾದರೆ ಇನ್ನೂ ದೊಡ್ಡ ತಮಾಷೆ. ಅದು ವಿಟ್ವರ್ತ್ ಅಳತೆ. 1841ರಲ್ಲಿ ಜೋಸೆಫ್ ವಿಟ್ವರ್ತ್ ಅನ್ನುವ ಇಂಗ್ಲಿಷ್ ಎಂಜಿನಿಯರ್ ಮುಂದಿಟ್ಟ ಪದ್ಧತಿ. ಅದರ ಸ್ಪ್ಯಾನರಿನ ಮೇಲೆ ಬರೆದಿರೋದು ಬೋಲ್ಟಿನ ಕಾಂಡದ ಅಳತೆ, ತಲೆಯದ್ದಲ್ಲ. ಅರ್ಧ ಇಂಚು ಅಂತ ಬರೆದ ವಿಟ್ವರ್ತ್ ಪಾನಾದ ಬಾಯಿ ನಿಜವಾಗಿ 23 ಮಿಲಿಮೀಟರ್ ದಾಟುತ್ತೆ! ಕಂಟೋನ್ಮೆಂಟಿನ ಹಳೇ ಬಂಗಲೆಗಳ ಶೆಡ್ಡಿನಲ್ಲಿ ಅಂಥ ಕಾರಿದ್ದರೆ, ನಿಮ್ಮ ಹೊಸ ಸೆಟ್ ತಗೊಂಡು ಹೋಗಿ ಪ್ರಯೋಜನವಿಲ್ಲ.

"ಕಣ್ಣಿಗೆ ಕೂತಂಗೆ ಕಂಡ್ರೆ ಸಾಲ್ದು ಮಗಾ. ಹದಿಮೂರು ಬೇರೆ, ಅರ್ಧ ಇಂಚು ಬೇರೆ," ಇದು ಅಪ್ಪನ ಮಂತ್ರ.

ಭಾನುವಾರದ ಮ್ಯಾಟಿನಿ

ನಮ್ಮ ಮನೆಯಲ್ಲಿ ಕಾನೂನು ಸರಳ. ಭಾನುವಾರ ಬೆಳಿಗ್ಗೆ ಕಾರಿನ ಕೆಲಸ ಮುಗಿದರೆ ಸಂಜೆ ಸಿನಿಮಾ. ಮುಗಿಯದಿದ್ದರೆ ಇಲ್ಲ. ಎಂ.ಜಿ. ರೋಡಿನ ಪ್ಲಾಜಾ ಇರಲಿ, ಟ್ರಿನಿಟಿ ಹತ್ತಿರದ ಲಿಡೋ ಇರಲಿ, ದಾರಿ ಇದ್ದದ್ದು ಪ್ಲಗ್ ಸ್ಪ್ಯಾನರಿನ ಮೂಲಕವೇ. ಈಗ ಆ ಎರಡೂ ಥಿಯೇಟರಿಲ್ಲ. 2011ರ ಅಕ್ಟೋಬರಿನಿಂದ ಅಲ್ಲಿ ನಮ್ಮ ಮೆಟ್ರೋ ಓಡ್ತಾ ಇದೆ. ಕಾರು ಮಾತ್ರ ಇದೆ!

ಏನು ಕೆಲಸ ಅಂತೀರಾ? ಮೊದಲು ಬ್ಯಾಟರಿಯ ಅರ್ತ್ ಕಡೆಯ ಟರ್ಮಿನಲ್ ಬಿಚ್ಚೋದು. ಯಾವಾಗಲೂ ಬಿಚ್ಚುವಾಗ ಅರ್ತ್ ಮೊದಲು, ಹಾಕುವಾಗ ಅರ್ತ್ ಕೊನೆಗೆ. ಉಲ್ಟಾ ಮಾಡಿದರೆ ಕೈಯಲ್ಲಿನ ಸ್ಪ್ಯಾನರ್ ಬಾಡಿಗೆ ತಗುಲಿ ದೀಪಾವಳಿ.

ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಾಯಿಂಟ್ ನೋಡೋದು. ಹೊಸ ಕಾರಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಪ್ಲಗ್ಗಿಗೆ ಬೆಂಕಿ ಕೊಡಲು ಎರಡು ಪುಟ್ಟ ಲೋಹದ ತುಟಿಗಳು ತೆರೆದು ಮುಚ್ಚಿ ಮಾಡ್ತಾ ಇರ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಡಿಸ್ಟ್ರಿಬ್ಯೂಟರ್ 1500 ಸುತ್ತು. ಒಂದೊಂದು ಸುತ್ತಿಗೆ ನಾಲ್ಕು ಸಲ. ಅಂದರೆ ನಿಮಿಷಕ್ಕೆ 6000 ಸಲ ಆ ತುಟಿ ತೆರೆಯಬೇಕು! ತೆರೆದಾಗ ಸಂದು ಎಷ್ಟಿರಬೇಕು? ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ. ಎಷ್ಟು ಕಮ್ಮಿ ಅಂತ ಆಯಾ ಕಾರಿನ ಪುಸ್ತಕದಲ್ಲಿ ಬರೆದಿರುತ್ತೆ. ಅದನ್ನು ಅಳೆಯೋಕೆ ಫೀಲರ್ ಗೇಜ್ ಅಂತ ಬೀಸಣಿಗೆ ಹಾಗಿರುವ ಸಾಧನ. ಕೆಲವರು ಬಸ್ ಟಿಕೆಟ್ ಮಡಚಿ ಅಳೀತಾರೆ, ಬ್ಲೇಡ್ ಇಟ್ಟು ಅಳೀತಾರೆ. ದಾರಿಯಲ್ಲಿ ಕೆಟ್ಟು ನಿಂತಾಗ ಸರಿ, ಮನೆ ತಲುಪಿಸುತ್ತೆ. ಆದರೆ ಟಿಕೆಟ್ಟಿನ ದಪ್ಪ ಯಾವ ಪುಸ್ತಕದಲ್ಲಿದೆ?

ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡರೆ ಪಿನ್ ಹಾಕಿ ತೂತು ಬಿಡಿಸೋದು ನಮ್ಮ ಹುಡುಗರ ಅಭ್ಯಾಸ. ಬೇಡ್ರಪ್ಪಾ! ಸೋಲೆಕ್ಸ್ ಜೆಟ್ಟಿನ ಮೇಲೆ ಕೆತ್ತಿದ ನಂಬರ್ ಏನು ಗೊತ್ತಾ? ತೂತಿನ ಅಗಲ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. 120 ಅಂದರೆ 1.20 ಮಿಲಿಮೀಟರ್. ಅದು ಹಿತ್ತಾಳೆ, ಪಿನ್ನು ಉಕ್ಕು. ಒಂದು ಸಲ ಪಿನ್ ಆಡಿಸಿದರೆ ತೂತು ದೊಡ್ಡದಾಗಿ, ಪೆಟ್ರೋಲ್ ಜಾಸ್ತಿ ಕುಡಿದು, ಕಪ್ಪು ಹೊಗೆ ಬಿಡುತ್ತೆ. ಪೆಟ್ರೋಲಿನಲ್ಲಿ ತೊಳೆದು, ಗಾಳಿ ಊದಿದರೆ ಮುಗೀತು.

ಪ್ಲಗ್ ವೈರು ಹಾಕುವ ಕ್ರಮ 1–3–4–2. ಫಿಯೆಟ್ಟಿಗೂ ಅದೇ, ಹಳೇ ಅಂಬಾಸಿಡರ್‌ಗೂ ಅದೇ, ಹೆರಾಲ್ಡ್‌ಗೂ ಅದೇ. ಸಿನಿಮಾದ ಹೀರೋ ಎಳೆದು ಸಿಕ್ಕಿಸುವ ವೈರು ಇವೇ ಇರಬೇಕು. ಎರಡು ಅದಲು ಬದಲಾದರೆ ಕಾರು ಸ್ಟಾರ್ಟ್ ಆಗೋದಿರಲಿ, ನಾಯಕಿ ಬೆಚ್ಚಿಬೀಳುವ ಹಾಗೆ ಢಮ್ ಅನ್ನುತ್ತೆ.

ಆ ಭಾನುವಾರ

ಕಾರಿನ ಸಿನಿಮಾ ಅಂದರೆ ನನಗೆ ಮೊದಲು ನೆನಪಾಗೋದು 1980ರ 'ಮಿಂಚಿನ ಓಟ'. ಶಂಕರ್‌ನಾಗ್ ನಿರ್ದೇಶನ, ಅನಂತ್‌ನಾಗ್, ಶಂಕರ್‌ನಾಗ್ ಅಣ್ಣತಮ್ಮಂದಿರೇ ಕಾರು ಕಳ್ಳರು. ನನಗಾಗ ಹನ್ನೆರಡು ವರ್ಷ. ನೋಡಿ ಬಂದು ಅಪ್ಪನಿಗೆ ಕಥೆಯೆಲ್ಲ ಹೇಳಿದೆ. ಅವರು ಕೇಳಿ, "ನೋಡು, ಕಳ್ಳನಾದರೂ ಟೂಲ್ಸ್ ಇಲ್ಲದೆ ಕೆಲಸಕ್ಕೆ ಹೋಗಲ್ಲ!" ಅಂದಿದ್ದರು. ಅದೇ ವರ್ಷ 'ಆಟೋ ರಾಜ'. ಆಮೇಲೆ ಕೇಳಬೇಕಾ, ನಮ್ಮ ಗಲ್ಲಿಯ ಆಟೋಗಳ ಬೆನ್ನ ಮೇಲೆಲ್ಲ ಅವನೇ. ಇವತ್ತಿಗೂ ಅವನೇ.

1990ರ ಸೆಪ್ಟೆಂಬರ್ 30. ಭಾನುವಾರ. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತ, ಶಂಕರ್‌ನಾಗ್ ಇನ್ನಿಲ್ಲ ಅನ್ನುವ ಸುದ್ದಿ ಹಲಸೂರಿಗೆ ಬಂತು. ಮೂವತ್ತಾರು ತುಂಬಿರಲಿಲ್ಲ ಅವನಿಗೆ. ಆಟೋ ಸ್ಟ್ಯಾಂಡಿನಲ್ಲಿ ಗಂಡಸರು ಮಕ್ಕಳ ಹಾಗೆ ಅತ್ತರು. ನಾನು ಬಾನೆಟ್ ತೆರೆದಿಟ್ಟುಕೊಂಡೇ ಕಲ್ಲಿನ ಹಾಗೆ ನಿಂತಿದ್ದೆ.

ಅಪ್ಪ ಹತ್ತಿರ ಬಂದರು. ಸಮಾಧಾನದ ಮಾತು ಅವರಿಗೆ ಬರೋದಿಲ್ಲ. "ಬಾನೆಟ್ ಮುಚ್ಚು. ಇವತ್ತು ಬ್ರೇಕ್ ನೋಡೋಣ," ಅಂದರು ಅಷ್ಟೇ. ಆನಗೋಡಿನ ಅಪಘಾತಕ್ಕೂ ನಮ್ಮ ಬ್ರೇಕಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಮಗ ನಾಳೆ ಇದೇ ಕಾರು ಹತ್ತಿ ರಸ್ತೆಗೆ ಇಳೀತಾನಲ್ಲ, ಆ ಭಯ ಅವರದು. ಅವತ್ತು ಸಿನಿಮಾ ಇಲ್ಲ, ಊಟವೂ ಸರಿಯಾಗಿಲ್ಲ. ನಾಲ್ಕೂ ಡ್ರಮ್ ಬಿಚ್ಚಿ, ಲೈನರ್ ನೋಡಿ, ಹಳೇ ಬ್ರೇಕ್ ಆಯಿಲ್ ಪೂರ್ತಿ ಬಸಿದು ಹೊಸದು ತುಂಬಿದೆವು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ ಅನ್ನೋದು ನನಗೆ ಗೊತ್ತಾದದ್ದು ಅವತ್ತೇ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ 205 ಡಿಗ್ರಿ ತನಕ ಕುದಿಯದೆ ತಡೀಬೇಕು. ನೀರು ಕುಡಿದ ಮೇಲೆ ಅದರ ಲೆಕ್ಕ 140ಕ್ಕೆ ಇಳಿಯುತ್ತೆ. ಘಾಟಿ ಇಳಿಯುವಾಗ ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲೋದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ತೀರಾ ದೂರದ ಚಕ್ರದಿಂದ ಶುರು ಮಾಡಬೇಕು, ಹತ್ತಿರದ್ದು ಕೊನೆಗೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಬ್ರೇಕಿನ ಕೆಲಸ ಅಂದರೆ ಮಾತಿಲ್ಲದ ಕೆಲಸ. ಸುಮ್ಮನೆ ಮಾಡ್ತೀವಿ.

ಅಣ್ಣನ ತೀರ್ಪು

ಅಪ್ಪ 2016ರಲ್ಲಿ ಹೋದರು. ಕಾರು ಉಳೀತು. ಆದರೆ ನಮ್ಮ ಕಾನೂನಿನಲ್ಲಿ ಕಾರಿಗೆ 15 ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ನಮ್ಮದರ ಗಡುವು 2024. ಕಾರಿನ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000 ಆಗಿತ್ತು. ಅದರ ಮೇಲೆ ಹಸಿರು ತೆರಿಗೆ ಬೇರೆ.

ಅಣ್ಣ ಲೆಕ್ಕಾಚಾರದ ಮನುಷ್ಯ. "ಶಿವಾಜಿನಗರದೋರು ತೂಕಕ್ಕೆ ಇಪ್ಪತ್ತೆರಡು ಸಾವಿರ ಕೊಡ್ತಾರಂತೆ. ಇದಕ್ಕೆ ಮತ್ತೆ ದುಡ್ಡು ಸುರೀಬೇಕಾ? ಒಂದು ಚಾನ್ಸ್ ಕೊಡ್ತೀನಿ. ಇನ್‌ಸ್ಪೆಕ್ಷನ್‌ನಲ್ಲಿ ಫೇಲ್ ಆದ್ರೆ ಗುಜರಿಗೆ," ಅಂದುಬಿಟ್ಟ. ಅಮ್ಮ ಏನೂ ಹೇಳಲಿಲ್ಲ. ಸೆರಗಿನಲ್ಲಿ ಕಾರಿನ ಕಿಟಕಿ ಗಾಜು ಒರೆಸಿ ಒಳಗೆ ಹೋದಳು.

ಅಪ್ಪ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಕಾರನ್ನು ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಯಾವ ಗ್ಯಾರೇಜು ಅಂತ ಬೇಡ ಬಿಡಿ. ಈಗ ನಾನು ಬಗ್ಗಿ ನೋಡಿದರೆ ಹಿಂದಿನ ಎಡಚಕ್ರದ ಬ್ರೇಕ್ ಪೈಪಿನ ನಟ್ಟು… ಗೋಲಿ! ಯಾರೋ ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿದ್ದಾರೆ. ಒಂದು ಹನಿ ಎಣ್ಣೆ ಸದಾ ಜಿನುಗ್ತಾ ಇದೆ. ಬಿಗಿ ಮಾಡೋಕೂ ಆಗದು, ಬಿಚ್ಚೋಕೂ ಆಗದು. ಚಾಚಾ ಹೇಳಿದ ಮಾತು ಕಿವಿಯಲ್ಲಿ ಗುಯ್ ಅಂತು. ಕಾರುಗಳು ಸಾಯೋದು ಹೀಗೇ, ಒಂದೊಂದೇ ನಟ್ಟಿನಿಂದ.

ಕೆಳಗೆ ಮಲಗಿ ಮಾಡುವ ಕೆಲಸ ಅದು. ಇಲ್ಲಿ ಒಂದು ಮಾತು ಕಿವಿ ಕೊಟ್ಟು ಕೇಳಿ. ಬರೀ ಜ್ಯಾಕ್ ನಂಬಿಕೊಂಡು ಕಾರಿನ ಕೆಳಗೆ ಹೋಗಬೇಡಿ. ಜ್ಯಾಕ್ ಎತ್ತೋಕೆ ಮಾತ್ರ, ಹೊರೋಕಲ್ಲ. ನಮ್ಮ ಗಲ್ಲಿಯ ಹುಡುಗನೊಬ್ಬ ಹಾಲೋ ಬ್ಲಾಕ್ ಇಟ್ಟುಕೊಂಡು ಕೆಳಗೆ ನುಗ್ಗಿದ್ದ. ಬ್ಲಾಕು ಬಿಸ್ಕತ್ತಿನ ಹಾಗೆ ಪುಡಿಯಾಯ್ತು. ಭುಜದ ಮೂಳೆ ಮುರಿದು ಉಳಿದುಕೊಂಡದ್ದು ಅವನ ತಾಯಿಯ ಪುಣ್ಯ. ಫಿಯೆಟ್ ಚಿಕ್ಕ ಕಾರು ಅಂದರೂ ಸುಮಾರು 900 ಕಿಲೋ. ಕಬ್ಬಿಣದ ಜ್ಯಾಕ್ ಸ್ಟ್ಯಾಂಡ್ ಎರಡು, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ಆಪು, ಸಮತಟ್ಟಾದ ಗಟ್ಟಿ ನೆಲ. ಇಷ್ಟಿಲ್ಲದಿದ್ದರೆ ಆ ಕೆಲಸ ನಿಮ್ಮದಲ್ಲ. ತೆರೆಯ ಮೇಲೆ ಹೀರೋ ಕಾರಿನ ಕೆಳಗಿಂದ ಜಾರಿಕೊಂಡು ಬಂದು ನಗ್ತಾನೆ, ಚೆನ್ನಾಗಿರುತ್ತೆ. ಅವನಿಗೆ ಡ್ಯೂಪ್ ಇದ್ದಾನೆ. ನಿಮಗೆ?

ನಾನು ಮೂರು ಸಂಜೆ ಆ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಸುಮ್ಮನೆ ಬಿಟ್ಟು ಬಂದೆ, ಮುಟ್ಟಲಿಲ್ಲ. ಎಸ್‌.ಜೆ.ಪಿ. ರೋಡಿಗೆ ಹೋಗಿ ಫ್ಲೇರ್ ನಟ್ ಸ್ಪ್ಯಾನರ್ ತಂದೆ. ರಿಂಗ್ ಸ್ಪ್ಯಾನರೇ ಅದು, ಆದರೆ ಪೈಪು ತೂರುವಷ್ಟು ಒಂದು ಬದಿ ಸೀಳಿರುತ್ತೆ. ಮಾಮೂಲಿ ಸ್ಪ್ಯಾನರ್ ನಟ್ಟಿನ ಎರಡು ಬದಿ ಮಾತ್ರ ಹಿಡಿದರೆ, ಇದು ಸುತ್ತಲೂ ತಬ್ಬಿಕೊಳ್ಳುತ್ತೆ. ನಾಲ್ಕನೇ ಸಂಜೆ, ಸವೆದ ಮೂಲೆಗಳನ್ನು ಅರದಿಂದ ನಾಜೂಕಾಗಿ ಒಂದು ಅಳತೆ ಕೆಳಕ್ಕೆ ಇಳಿಸಿ, ಆ ಅಳತೆಯ ಸ್ಪ್ಯಾನರ್ ಕೂರಿಸಿ, ಉಸಿರು ಬಿಗಿಹಿಡಿದು ತಿರುಗಿಸಿದೆ.

'ಕಟ್' ಅಂತು.

ಎದೆ ಧಸಕ್ಕೆಂದಿತು. ಮುರೀತೋ, ಬಿಡ್ತೋ? ಬಿಟ್ಟಿತ್ತು! ಹಳೇ ಪೈಪು, ನಟ್ಟು ಎರಡನ್ನೂ ತೆಗೆದು ಹೊಸದು ಹಾಕಿದೆ. ಬ್ರೇಕ್ ಆಯಿಲ್ ಬದಲಾಯಿಸಿದೆ. ಅಮ್ಮ ಡ್ರೈವರ್ ಸೀಟಿನಲ್ಲಿ ಕೂತು ನಾನು ಹೇಳಿದಾಗ ಪೆಡಲ್ ಒತ್ತಿದಳು, ಹೇಳಿದಾಗ ಬಿಟ್ಟಳು. ಎಪ್ಪತ್ತೆಂಟರ ವಯಸ್ಸು! ಅಪ್ಪನ ಜೊತೆ ಎಷ್ಟು ಸಲ ಒತ್ತಿದ್ದಳೋ, ಒಂದು ಸಲವೂ ತಾಳ ತಪ್ಪಲಿಲ್ಲ.

ಹೊಗೆ ತಪಾಸಣೆ ಇನ್ನೊಂದು ಗಂಡಾಂತರ. ಆ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ 3 ಪರ್ಸೆಂಟ್ ದಾಟಬಾರದು. ಏರ್ ಫಿಲ್ಟರ್ ಬದಲಾಯಿಸಿ, ಪಾಯಿಂಟಿನ ಸಂದು ಸರಿ ಮಾಡಿ, ಕಾರ್ಬುರೇಟರಿನ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು, ಕಾಲು ಸುತ್ತು ಅಂತ ತಿರುಗಿಸಿದೆ. ಮೊದಲ ಸಲಕ್ಕೇ ಸರ್ಟಿಫಿಕೇಟ್ ಕೈಗೆ ಬಂತು.

ಇನ್‌ಸ್ಪೆಕ್ಷನ್ ದಿನ ಅಣ್ಣನೂ ಬಂದ. ಪರೀಕ್ಷೆಗೆ ನಿಂತ ಹುಡುಗನ ತಂದೆಯ ಹಾಗಿತ್ತು ನನ್ನ ಸ್ಥಿತಿ. ಇನ್‌ಸ್ಪೆಕ್ಟರ್ ಸಾಹೇಬರು ಚಾಸಿ ನಂಬರ್ ನೋಡಿದರು, ಲೈಟು, ಹಾರನ್, ಇಂಡಿಕೇಟರ್ ನೋಡಿದರು. ಓಡಿಸಿ ಬ್ರೇಕ್ ಒತ್ತಿಸಿದರು. ನಮ್ಮ ಫಿಯೆಟ್ ಒಂದು ಕಡೆಗೂ ಎಳೆಯದೆ ಗೆರೆ ಹೊಡೆದ ಹಾಗೆ ನಿಂತಿತು. ಬಾನೆಟ್ ಎತ್ತಿಸಿ ಕೇಳಿದರು, "ಯಾವ ಗ್ಯಾರೇಜು ರೀ?"

ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಹೇಳಿದ, "ಮನೇಲೇ ಸಾರ್. ನನ್ನ ತಮ್ಮ."

ಐದು ವರ್ಷ ಸಿಕ್ಕಿತು!

ಪೆಟ್ಟಿಗೆಯಲ್ಲಿ ಏನಿರಬೇಕು?

ಹಳೇ ಕಾರಿನ ಆಸೆ ಇರುವ ಗೆಳೆಯರು ಕೇಳ್ತಾರೆ, ಏನೇನು ಇಟ್ಟುಕೊಳ್ಳಬೇಕು ಅಂತ. ನೂರೆಂಟು ಸಾಮಾನು ಬೇಡ. ಮೊದಲು ನಿಮ್ಮ ಕಾರು ಮಿಲಿಮೀಟರೋ ಇಂಚೋ ತಿಳ್ಕೊಳ್ಳಿ. ಆ ಅಳತೆಯ ರಿಂಗ್ ಸ್ಪ್ಯಾನರ್, ಓಪನ್ ಸ್ಪ್ಯಾನರ್, ಒಂದು ಬಾಕ್ಸ್ ಸೆಟ್. ಪ್ಲಗ್ ಸ್ಪ್ಯಾನರ್. ಫೀಲರ್ ಗೇಜ್. ತುದಿ ಸವೆಯದ ಸ್ಕ್ರೂ ಡ್ರೈವರ್ ಎರಡು ಮೂರು. ಗ್ರೀಸ್ ಗನ್. ವೈರಿಂಗ್ ನೋಡೋಕೆ ಒಂದು ಟೆಸ್ಟ್ ಲ್ಯಾಂಪ್. ಎರಡು ಜ್ಯಾಕ್ ಸ್ಟ್ಯಾಂಡ್. ಎಂಜಿನ್ ಹೆಡ್ ಬಿಚ್ಚುವ ಧೈರ್ಯ ಇದ್ದವರಿಗೆ ಟಾರ್ಕ್ ರೆಂಚ್. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿ ಮಾಡಬೇಕು, ಕೈ ಅಂದಾಜು ನಡೆಯೋಲ್ಲ. ಎಲ್ಲಕ್ಕಿಂತ ಮೊದಲು ಆ ಕಾರಿನ ವರ್ಕ್‌ಷಾಪ್ ಪುಸ್ತಕ. ಹೊಸ ಸೆಟ್ಟಿಗೆ ದುಡ್ಡಿಲ್ಲವಾ? ಬಿ.ವಿ.ಕೆ. ಅಯ್ಯಂಗಾರ್ ರೋಡಿನ ಸಂಡೆ ಬಜಾರಿನಲ್ಲಿ ಹಳೇ ಫ್ಯಾಕ್ಟರಿ ಟೂಲುಗಳನ್ನು ಹುಡುಕಿ. ಬಾಯಿ ಅಗಲವಾಗಿದ್ದರೆ ಮಾತ್ರ ಮುಟ್ಟಬೇಡಿ.

ಅಡ್ಜಸ್ಟಬಲ್ ಸ್ಪ್ಯಾನರ್ ಒಂದಿದ್ದರೆ ಸಾಲದಾ ಅಂತೀರಾ? ನಲ್ಲಿ ರಿಪೇರಿಗೆ ಸಾಕು. ಕಾರಿಗೆ ಬೇಡ.

ಇನ್ನೊಂದು ಹೊಸ ಕಾಟ ಇದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಅದೇ. ಆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಇದನ್ನು ತಡೆಯೋಲ್ಲ. ಉಬ್ಬುತ್ತವೆ, ಬಿರಿಯುತ್ತವೆ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಪೈಪು ಬಿರಿದರೆ ಏನಾಗುತ್ತೆ ಅಂತ ಫೈಟ್ ಮಾಸ್ಟರನ್ನು ಕೇಳಬೇಕಿಲ್ಲ. ಎಥನಾಲ್ ತಡೆಯುವ ಪೈಪು ಹಾಕಿಸಿ, ತಿಂಗಳಿಗೊಮ್ಮೆ ಬೆರಳಿನಿಂದ ಒತ್ತಿ ನೋಡಿ.

ಶುಲ್ಕ ಮತ್ತೆ ಏರಿದೆ. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರಿನ ನವೀಕರಣಕ್ಕೆ 10,000 ರೂಪಾಯಿ ಅಂತ ಮಾಡಿದರು. ಅಣ್ಣ ಪೇಪರ್ ಓದಿ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. "2029ಕ್ಕೆ ಇನ್ನೂ ಟೈಮಿದೆ ಬಿಡೋ," ಅಂತ ಅವನೇ ಪೇಪರ್ ಮಡಚಿಟ್ಟ.

ಅವನ ಮಗ ಈಗ ಕಾಲೇಜು. ಅಪ್ಪು, ಯಶ್ ಅಂತ ಸದಾ ಶಿಳ್ಳೆ ಹಾಕುವ ಹುಡುಗ. ಹೋದ ತಿಂಗಳು ಬಂದು, "ಚಿಕ್ಕಪ್ಪಾ, ನಂಗೂ ಕಾರ್ ಕೆಲಸ ಹೇಳ್ಕೊಡು, ರೀಲ್ಸ್ ಮಾಡ್ತೀನಿ," ಅಂದ. ಅಪ್ಪನ ಪೆಟ್ಟಿಗೆ ತೆಗೆದು ಎರಡು ಸ್ಪ್ಯಾನರ್ ಕೈಗೆ ಕೊಟ್ಟೆ. ಒಂದು ಹದಿಮೂರು, ಇನ್ನೊಂದು ಅರ್ಧ ಇಂಚು. ಕಣ್ಣು ಮುಚ್ಚಿಸಿ, ಬರೀ ಬೆರಳಿನಲ್ಲಿ ಯಾವುದು ಯಾವುದು ಅಂತ ಹೇಳು ಅಂದೆ. ಮೂರು ದಿನ ಒದ್ದಾಡಿದ. ನಾಲ್ಕನೇ ದಿನ ಸರಿಯಾಗಿ ಹೇಳಿದ. ರೀಲ್ಸ್ ವಿಷಯ ಮರೆತೇಹೋಯ್ತು ನೋಡಿ!

ಮುಂದಿನ ಭಾನುವಾರ ಅವನದೇ ಪಾಯಿಂಟ್ ಸೆಟ್ಟಿಂಗ್. ಕೆಲಸ ಮುಗಿದರೆ ಸಂಜೆ ಸಿನಿಮಾ, ಟಿಕೆಟ್ ನನ್ನದು. ಮುಗಿಯದಿದ್ದರೆ ಇಲ್ಲ. ಏನಂತೀರಿ?